ಒಂದು ಥಾನಿನಲ್ಲಿ ಎರಡು ಮಕ್ಕಳ ಯುಕಾತಾ: ನನ್ನ ಅನುಭವ

ಜಪಾನಿನಲ್ಲೇ ಕೂತು ಜಪಾನೀ ಮಕ್ಕಳ ಯುಕಾತಾ (ಬೇಸಿಗೆಗೆ ಉಡುವ ಹತ್ತಿಯ ಕಿಮೊನೋ) ಹೊಲಿದು ಮಾರುತ್ತೇನೆ ಅಂದಾಗ ಎಲ್ಲರೂ ಹೆದರಿಸಿದ್ದು 2019ರ ಗಲಾಟೆ ತೋರಿಸಿ. ಆ ಜೂನ್‌ನಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ತಮ್ಮ ಕಂಪನಿಯ ಒಳಉಡುಪಿಗೆ ‘ಕಿಮೊನೋ’ ಅಂತ ಹೆಸರಿಟ್ಟರು. ಆ ಹೆಸರು ಬೇಡ ಅಂತ ಕ್ಯೋಟೋ ಮೇಯರ್ ಪತ್ರ ಬರೆದರು. ವಾರದೊಳಗೆ ಕಿಮ್ ಆ ಹೆಸರು ಬಿಟ್ಟರು, ಕೊನೆಗೆ ಸ್ಕಿಮ್ಸ್ ಆಯಿತು. ನಾನು ಕಂಡಂತೆ ಜಗಳ ಹುಟ್ಟಿದ್ದು ಹೊಲಿದವರು ಹೊರಗಿನವರು ಅಂತಲ್ಲ, ಕಿಮೊನೋ ಅಲ್ಲದ್ದಕ್ಕೆ ಆ ಹೆಸರು ಅಂಟಿಸಿದರು ಅಂತ. ನನ್ನ ಚೀಟಿಯಲ್ಲಿ ‘ಮಕ್ಕಳ ಯುಕಾತಾ, ಹತ್ತಿ, ಯೋತ್ಸುಮಿ’ ಅಂತಷ್ಟೇ ಇರುತ್ತದೆ. ಎರಡು ಬೇಸಿಗೆಗೆ ನಲವತ್ತರ ಹತ್ತಿರ ಹೋಗಿವೆ.

ಈಗ ಲೆಕ್ಕ. ಯೋತ್ಸುಮಿ ಅನ್ನುವುದು ಮಕ್ಕಳ ಬಟ್ಟೆ ಕತ್ತರಿಸುವ ಒಂದು ಕ್ರಮ, ಅದಕ್ಕೆ ಮೈಯುದ್ದದ ನಾಲ್ಕು ಪಟ್ಟು ಬಟ್ಟೆ ಬೇಕು. ಮೈ, ಓಕುಮಿ (ಮುಂಭಾಗದ ಅಂಚಿನ ಪಟ್ಟಿ), ಕೊರಳಪಟ್ಟಿ ಮೂರೂ ಅದರಲ್ಲೇ ಹುಟ್ಟಬೇಕು. ತೋಳಿಗೆ ತೋಳುದ್ದದ ನಾಲ್ಕು ಪಟ್ಟು ಬೇರೆ. ಥಾನು 12 ಮೀಟರು, ಅಗಲ 37 ಸೆಂಟಿಮೀಟರ್ ಆಸುಪಾಸು. ಒಂದೇ ಅಳತೆಯ ಎರಡು ದೊಡ್ಡವು ತೆಗೆಯಲು ಹೋಗಿ ಮೂರು ಥಾನು ಕೆಡಿಸಿದೆ, ಹತ್ತು ಸಾವಿರ ಯೆನ್ ನೀರುಪಾಲು. ಅಣ್ಣ-ತಮ್ಮ ಜೋಡಿಯಾದರೆ ಸಲೀಸು: ದೊಡ್ಡದಕ್ಕೆ ಮೈ 105, ತೋಳು 46, ಒಟ್ಟು 604 ಸೆಂಟಿಮೀಟರ್. ಚಿಕ್ಕದಕ್ಕೆ 90 ಮತ್ತು 40, ಒಟ್ಟು 520. ನೀರಿಗೆ ಹಾಕಿ ಕುಗ್ಗಿಸಿದ ಮೇಲೂ ಕಟ್ಟುವ ಲಾಡಿಗೆ ತುಂಡು ಉಳಿಯುತ್ತದೆ. ನೀರಿಗೆ ಹಾಕದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ತೋಳು ಮೊಣಕೈ ಕಡೆಗೆ ಏರುತ್ತದೆ.

ಬೆಳೆಯುವ ಮಗುವಿಗೆ ಸೊಂಟದಲ್ಲಿ ಮಡಿಕೆ, ಭುಜದಲ್ಲಿ ಮಡಿಕೆ. ಎಡವುವುದು ಇಲ್ಲೇ. 15 ಸೆಂಟಿಮೀಟರ್ ಕಡಿಮೆ ಮಾಡಬೇಕಾದರೆ ಮಡಿಕೆಯ ಆಳ ಏಳೂವರೆ. ಹದಿನೈದೇ ಮಡಚಿದರೆ ಮೂವತ್ತು ಹೋಗಿ ಯುಕಾತಾ ಮೊಣಕಾಲಿಗೆ ಬಂದು ನಿಲ್ಲುತ್ತದೆ. ಎರಡು ಚಿಕ್ಕ ಹೊಲಿಗೆ, ಒಂದು ಉದ್ದ, ಹೀಗೆ ಕೈಯಲ್ಲೇ ಸಡಿಲವಾಗಿ ಹಾಕಿ. ಮೆಷಿನ್ ಮುಟ್ಟಬೇಡಿ. ಮಗು ಅಂಚು ತುಳಿದಾಗ ದಾರ ಹರಿಯಬೇಕು, ಬಟ್ಟೆ ಅಲ್ಲ. ಮಡಿಕೆಯನ್ನು ಪೂರ್ತಿ ಬಿಚ್ಚಿದರೆ 105 ಸೆಂಟಿಮೀಟರ್ ಎತ್ತರದ ಮಗುವಿಗೆ ಹೊಲಿದದ್ದು 125ರವರೆಗೂ ಬರುತ್ತದೆ. ‘ಅಷ್ಟು ವರ್ಷ ಎಲ್ಲಿ ಬರುತ್ತೆ’ ಅಂದಿದ್ದ ಗಿರಾಕಿಯೇ ಈ ಸಲ ಮಡಿಕೆ ಬಿಚ್ಚಿಸಿಕೊಂಡು ಹೋದರು. ಕೊರಳಪಟ್ಟಿ ಹಿಂದೆ ಸುಕ್ಕಾಗದಂತೆ ಕೂರಿಸಲು ಒಂದು ಉಪಾಯವಿದೆ, ಅದು ನನ್ನ ಹತ್ತಿರವೇ ಇರಲಿ.

ಇಳಕಲ್ ಸೀರೆಯಲ್ಲೂ ಕೈಯಾಡಿಸಿದೆ. ಸೀರೆಯ ಅಗಲವನ್ನು ಉದ್ದಕ್ಕೆ ಮೂರಾಗಿ ಸೀಳಿದರೆ ಹೆಚ್ಚುಕಡಿಮೆ ಥಾನಿನ ಅಗಲವೇ ಸಿಗುತ್ತದೆ. ಆದರೆ ನಡುವಿನ ಪಟ್ಟಿಗೆ ಎರಡು ಕಡೆಯೂ ನೇಯ್ದ ಅಂಚಿಲ್ಲ, ಬದಿಯ ಪಟ್ಟಿಗಳಿಗೆ ಒಂದೇ ಕಡೆ. ಮಡಿಕೆ ಬಿಚ್ಚಿ ಮತ್ತೆ ಹೊಲಿಯುವಾಗ ನೂಲು ಕಿತ್ತು ಬರುತ್ತದೆ. ಸೆರಗಿನ ಭಾಗಕ್ಕೆ ಕತ್ತರಿ ಹಾಕಲು ಮನಸ್ಸೂ ಬರಲಿಲ್ಲ. ಎರಡು ಹೊಲಿದು ಕೈಬಿಟ್ಟೆ.

ಮೊದಲ ಕಂತಿಗೆ ಬೈಗುಳ ಬಂದದ್ದಂತೂ ನಿಜ, ಹೊಲಿಗೆಗಲ್ಲ, ಫೋಟೋಗೆ. ಬಲ ಒಳಗೆ, ಎಡ ಮೇಲೆ ಬರಬೇಕು. ತಿರುಗುಮುರುಗಾದರೆ ಅದು ಹೆಣಕ್ಕೆ ಉಡಿಸುವ ಕ್ರಮ. ಮಗುವಿಗೆ ಸರಿಯಾಗೇ ಉಡಿಸಿದ್ದೆ, ಫೋನಿನ ಮುಂದಿನ ಕ್ಯಾಮೆರಾ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿತ್ತು. ಈಗ ಹಿಂದಿನ ಕ್ಯಾಮೆರಾದಲ್ಲೇ ತೆಗೆದು, ಹಿನ್ನೆಲೆಯಲ್ಲಿ ಯಾವುದಾದರೂ ಅಕ್ಷರ ಕಾಣುವಂತೆ ಇಡುತ್ತೇನೆ. ಅಕ್ಷರ ಉಲ್ಟಾ ಕಂಡರೆ ಚಿತ್ರವೂ ಉಲ್ಟಾ.

ಬಟ್ಟೆಯ ಮೇಲೆ ಮಾತ್ರ ಅಕ್ಷರ ಬೇಡ. 2024ರ ಜುಲೈನಲ್ಲಿ ಜಪಾನಿನ ಬಟ್ಟೆ ಕಂಪನಿ ಶಿಮಾಮುರಾದ ‘ಬರ್ತ್‌ಡೇ’ ಎಂಬ ಮಕ್ಕಳ ಮಳಿಗೆಗಳು ‘ಅಪ್ಪ ನನ್ನನ್ನು ನೋಡಿಕೊಳ್ಳುವುದೇ ಇಲ್ಲ’ ಎಂಬರ್ಥದ ಸಾಲು ಅಚ್ಚು ಹಾಕಿದ ಮಕ್ಕಳ ಬಟ್ಟೆ ಇಟ್ಟು, ಜನ ಸಿಟ್ಟಾಗಿ, ಮಾರಾಟವನ್ನೇ ನಿಲ್ಲಿಸಬೇಕಾಯಿತು. ನನ್ನ ಥಾನುಗಳಲ್ಲಿ ಇರುವುದು ಬಂಗಾರದ ಮೀನು, ನೀಲಿ ಹೂವು, ಗೆರೆಗಳು. ಮೀನಿನದ್ದೇ ಹೆಚ್ಚು ಖರ್ಚಾಗುತ್ತದೆ.