ಮಾಡಿ ಕಲಿಯುವ ವಿದ್ಯೆಗೆ ಪುಸ್ತಕ ಆರಿಸುವ ಬಗೆ

ಆಡು ಸಾಕಣೆ, ಗಾಳ ಹಾಕಿ ಮೀನು ಹಿಡಿಯುವುದು, ಬೆಟ್ಟಗುಡ್ಡಗಳ ಚಾರಣ, ನೆರೆಹೊರೆಯ ಒಂದು ಭಾಷೆಯ ಕಲಿಕೆ: ಈ ನಾಲ್ಕೂ ಒಂದಕ್ಕೊಂದು ಸಂಬಂಧವಿಲ್ಲದವು ಎಂದು ತೋರಿದರೂ, ಓದಿದ್ದು ಕೈಗೋ ಕಾಲಿಗೋ ನಾಲಗೆಗೋ ಇಳಿಯದ ಹೊರತು ಓದಿ ಪ್ರಯೋಜನವಿಲ್ಲ ಎಂಬ ವಿಷಯದಲ್ಲಿ ಒಂದೇ ಜಾತಿಗೆ ಸೇರಿದವು. ಆದ್ದರಿಂದ ಇಂಥ ಪುಸ್ತಕಗಳನ್ನು ಕೊಳ್ಳುವಾಗ ಮುನ್ನುಡಿಯನ್ನೂ ಚಿತ್ರಗಳ ಅಂದವನ್ನೂ ನೋಡಿ ತೀರ್ಮಾನಿಸಬಾರದು. ಆ ವಿದ್ಯೆಯಲ್ಲಿ ಮನುಷ್ಯ ಅತಿ ಹೆಚ್ಚು ತಬ್ಬಿಬ್ಬಾಗುವ ಗಳಿಗೆ ಯಾವುದೆಂದು ಯೋಚಿಸಿ, ಅದಕ್ಕೆ ಮೀಸಲಾದ ಪುಟವನ್ನೇ ಮೊದಲು ತೆರೆಯಬೇಕು. ಆ ಪುಟ ಗಟ್ಟಿಯಾಗಿದ್ದರೆ ಉಳಿದವನ್ನು ನಂಬಬಹುದು.

ಆಡಿನ ಪುಸ್ತಕದಲ್ಲಿ ಆ ಪುಟ ಆಡು ಈಯುವ ಹೊತ್ತಿನದು. ಗಬ್ಬದ ಅವಧಿ ಸುಮಾರು 150 ದಿನ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅದರಿಂದ ಮುಂದೆ ಏನು ಹೇಳುತ್ತದೆ ಎಂಬುದನ್ನು ನೋಡಬೇಕು. ಮರಿಯ ಎರಡು ಮುಂಗಾಲುಗಳು ಮೊದಲು ಬಂದು, ಅವುಗಳ ಮೇಲೆ ಮೂತಿ ಒರಗಿದಂತಿರುವುದು ಸರಿಯಾದ ಭಂಗಿ ಎಂಬುದನ್ನು ಚಿತ್ರಸಹಿತ ತೋರಿಸಿರಬೇಕು. ಆಡು ಬಲವಾಗಿ ತಿಣುಕುತ್ತಿದ್ದರೂ ಮರಿ ಮುಂದಕ್ಕೆ ಬಾರದಿದ್ದರೆ ಎಷ್ಟು ಹೊತ್ತು ಕಾಯಬಹುದು, ಯಾವಾಗ ಪಶುವೈದ್ಯರನ್ನು ಕರೆಯಬೇಕು ಎಂಬುದನ್ನು ಗಡಿಯಾರದ ಲೆಕ್ಕದಲ್ಲಿ ಬರೆದಿರಬೇಕು. ಗಿಣ್ಣು ಹಾಲಿನ ವಿಷಯದಲ್ಲಂತೂ ರಾಜಿ ಕೂಡದು. ಆಡಿನ ಮರಿಗೆ ರೋಗನಿರೋಧಕ ಅಂಶಗಳು ಗರ್ಭದಲ್ಲಿರುವಾಗ ತಾಯಿಯಿಂದ ದಾಟಿ ಬರುವುದಿಲ್ಲ. ಅವು ಗಿಣ್ಣು ಹಾಲಿನಿಂದಲೇ ಸಿಗಬೇಕು, ಮತ್ತು ಒಂದು ದಿನ ಕಳೆಯುವಷ್ಟರಲ್ಲಿ ಅವನ್ನು ಹೀರಿಕೊಳ್ಳುವ ಶಕ್ತಿ ಮರಿಯ ಕರುಳಿಗೆ ಉಳಿದಿರುವುದಿಲ್ಲ. ಹೀಗಾಗಿ ಹುಟ್ಟಿದ ಕೂಡಲೇ ಆರಂಭಿಸಿ, ಮೊದಲ 24 ಗಂಟೆಗಳಲ್ಲಿ ಮರಿಯ ತೂಕದ ಸುಮಾರು ಹತ್ತನೇ ಒಂದು ಭಾಗದಷ್ಟು, ಅಂದರೆ 3 ಕಿಲೋ ತೂಗುವ ಮರಿಗೆ ಸುಮಾರು 300 ಮಿಲಿಲೀಟರ್ ಗಿಣ್ಣು ಹಾಲನ್ನು, ಹಲವು ಸಲಕ್ಕೆ ಹಂಚಿ ಕುಡಿಸಬೇಕಾಗುತ್ತದೆ. ‘ಮರಿಗೆ ಸಾಕಷ್ಟು ಹಾಲು ಕುಡಿಸಿರಿ’ ಎಂದಷ್ಟೇ ಬರೆದು ಮುಗಿಸಿದ ಪುಸ್ತಕವನ್ನು ಅಲ್ಲಿಗೇ ಮುಚ್ಚಿಡಿ.

ಕುರಿ ಮತ್ತು ಆಡುಗಳನ್ನು ಒಂದೇ ಉಸಿರಿನಲ್ಲಿ ವಿವರಿಸುವ ಪುಸ್ತಕಗಳ ಬಗ್ಗೆಯೂ ಎಚ್ಚರ ಬೇಕು. ಕುರಿ ನೆಲದ ಹುಲ್ಲನ್ನು ಮೇಯುತ್ತದೆ. ಆಡು ತಲೆಯೆತ್ತಿ ಸೊಪ್ಪುಸದೆಯನ್ನು ಕಿತ್ತು ತಿನ್ನುತ್ತದೆ. ತಾಮ್ರದ ಅಂಶ ಕುರಿಗೆ ಸ್ವಲ್ಪ ಹೆಚ್ಚಾದರೂ ವಿಷವಾಗುತ್ತದೆ, ಆಡಿಗೆ ಅದು ಹೆಚ್ಚಾಗಿಯೇ ಬೇಕು. ಆದ್ದರಿಂದ ಎರಡಕ್ಕೂ ಒಂದೇ ಖನಿಜ ಮಿಶ್ರಣವನ್ನು ಸೂಚಿಸುವ ಲೇಖಕರು ಯಾವುದಾದರೂ ಒಂದು ಪ್ರಾಣಿಯನ್ನು ಸರಿಯಾಗಿ ಗಮನಿಸಿಲ್ಲ ಎಂದೇ ಅರ್ಥ.

ಪ್ರಕಟಣೆಯ ವರ್ಷವನ್ನು ನೋಡುವುದು ಕಾದಂಬರಿಗೆ ಬೇಕಿಲ್ಲ, ಇಲ್ಲಿ ಬೇಕು. ಇಡೀ ಹಿಂಡಿಗೆ ಇಷ್ಟಿಷ್ಟು ದಿನಕ್ಕೊಮ್ಮೆ ತಪ್ಪದೆ ಜಂತುಹುಳುವಿನ ಔಷಧಿ ಕೊಡಬೇಕೆಂದು ಹಳೆಯ ಪುಸ್ತಕಗಳು ಬರೆಯುತ್ತಿದ್ದವು. ಹಾಗೆ ಕೊಟ್ಟುಕೊಟ್ಟು ಹುಳುಗಳೇ ಔಷಧಿಗೆ ಜಗ್ಗದಂತಾದ ಮೇಲೆ, ಕೆಳ ರೆಪ್ಪೆಯ ಒಳಭಾಗ ಬಿಳಿಚಿಕೊಂಡಿದೆಯೇ ಎಂದು ನೋಡಿ, ಅಗತ್ಯವಿರುವ ಆಡಿಗಷ್ಟೇ ಕೊಡುವ ಕ್ರಮವನ್ನು ಈಚಿನ ಪುಸ್ತಕಗಳು ಕಲಿಸುತ್ತವೆ. ಗಾಳದ ಪುಸ್ತಕಗಳಲ್ಲಿಯೂ ಇಂಥದೇ ಒಂದು ಗುರುತಿದೆ. ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ ಬ್ರಿಟನ್ 1987ರಲ್ಲಿ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ತೂಕಗಳ ಮಾರಾಟವನ್ನು ನಿಷೇಧಿಸಿತು. ಬೇರೆ ಲೋಹದ ಸುದ್ದಿಯನ್ನೇ ಎತ್ತದೆ ಸೀಸವನ್ನು ಹೇಳುವ ಪುಸ್ತಕ ಹಳೆಯದೆಂದು ತಿಳಿಯಿರಿ. ಗಾಳದ ಪುಸ್ತಕದಲ್ಲಿ ಇದಲ್ಲದೆ ಪರೀಕ್ಷಿಸಬೇಕಾದುದು ಒಂದೇ, ಗಂಟು ಹಾಕುವ ಪುಟ. ಒಂದು ಮೊಳ ಉದ್ದದ ದಪ್ಪ ಹಗ್ಗವನ್ನು ಕೈಯಲ್ಲಿ ಹಿಡಿದು ಚಿತ್ರ ನೋಡುತ್ತ ಗಂಟು ಹಾಕಿ. ಬಿಗಿಯುವ ಮುನ್ನ ದಾರವನ್ನು ಒದ್ದೆ ಮಾಡಬೇಕು, ಇಲ್ಲವಾದರೆ ಉಜ್ಜಿದ ಬಿಸಿಗೆ ನೈಲಾನ್ ದುರ್ಬಲವಾಗುತ್ತದೆ ಎಂಬ ಮಾತು ಅಲ್ಲಿದ್ದರೆ, ಬರೆದವರು ನೀರಿನ ಬದಿಯಲ್ಲಿ ಕುಳಿತವರು.

ಚಾರಣದ ಪುಸ್ತಕದಲ್ಲಿ ಸಾಹಸದ ವರ್ಣನೆಗಿಂತ ಕಾಲದ ಲೆಕ್ಕ ಮುಖ್ಯ. 1892ರಿಂದ ಬಳಕೆಯಲ್ಲಿರುವ ನೈಸ್ಮಿತ್ ನಿಯಮದ ಪ್ರಕಾರ, ಸುಮಾರು 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದಲ್ಲದೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಹಿಡಿಯುತ್ತದೆ. ಹೊರೆ ಹೊತ್ತವರಿಗೂ ಹೊಸಬರಿಗೂ ಇನ್ನೂ ಹೆಚ್ಚು ಬೇಕಾಗುತ್ತದೆ. ಕತ್ತಲಾಗುವ ಮುನ್ನ ಮರಳುವುದು ಈ ಲೆಕ್ಕದಿಂದಲೇ ಆದ್ದರಿಂದ, ಪುಸ್ತಕ ಇದನ್ನು ನಕ್ಷೆಯ ಸಮೋನ್ನತ ರೇಖೆಗಳೊಂದಿಗೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳೊಂದಿಗೆ, ಬಿಡಿಸಿ ತೋರಿಸಿರಬೇಕು. ಹಾವು ಕಚ್ಚಿದ ಜಾಗವನ್ನು ಕೊಯ್ದು ರಕ್ತ ಹೀರಬೇಕೆಂದು ಬರೆದಿದ್ದರೆ, ಆ ಪುಸ್ತಕವನ್ನು ಯಾರ ಕೈಗೂ ಕೊಡಬೇಡಿ. ಕಚ್ಚಿಸಿಕೊಂಡವರನ್ನು ಅಲುಗಾಡಿಸದೆ ಆದಷ್ಟು ಬೇಗ ಆಸ್ಪತ್ರೆಗೆ ಸಾಗಿಸುವುದೇ ಸರಿಯಾದ ಕ್ರಮ.

ಭಾಷೆಯ ಪುಸ್ತಕವನ್ನು ಆರಿಸುವುದು ಈ ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ, ಏಕೆಂದರೆ ಇಲ್ಲಿ ತಪ್ಪು ಕಲಿತರೆ ಅದು ತಪ್ಪೆಂದು ತಿಳಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಮೊದಲು ಉಚ್ಚಾರಣೆಯ ಪುಟ ನೋಡಿ. ರೋಮನ್ ಲಿಪಿಯಲ್ಲಿ ಬರೆದು, ಮೇಲೆ ಕೆಳಗೆ ಚುಕ್ಕೆಗಳನ್ನೂ ಇಡದ ಪುಸ್ತಕದಲ್ಲಿ ದ ಮತ್ತು ಡ, ನ ಮತ್ತು ಣ ಒಂದೇ ಆಗಿಬಿಡುತ್ತವೆ. ಕನ್ನಡ ಲಿಪಿಯನ್ನು ಬಲ್ಲವರು ಆ ನಷ್ಟವನ್ನು ಹೊರಬೇಕಾದ ಕಾರಣವೇ ಇಲ್ಲ. ಕನ್ನಡದ ಮೂಲಕ ಕಲಿಸುವ ಪುಸ್ತಕವೂ ಬರವಣಿಗೆಗೂ ಉಚ್ಚಾರಣೆಗೂ ಇರುವ ಅಂತರವನ್ನು ಹೇಳಬೇಕು. ತಮಿಳಿನಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರವಿದ್ದು, ಅಕ್ಷರಕ್ಕಕ್ಷರ ನೋಡಿದರೆ ‘ಮಕನ್’ ಎಂದಾಗುವ ಪದವನ್ನು ‘ಮಗನ್’ ಎಂದು ನುಡಿಯುತ್ತಾರೆ. ಹಿಂದಿಯಲ್ಲಿ ‘ರಾಮ’ ಎಂದು ಬರೆದು ‘ರಾಮ್’ ಎನ್ನುತ್ತಾರೆ.

ಎರಡನೆಯದಾಗಿ, ಪುಸ್ತಕ ಯಾರಿಗಾಗಿ ಬರೆದದ್ದು ಎಂಬುದನ್ನು ಗಮನಿಸಿ. ‘ನನಗೆ ಹಸಿವಾಗಿದೆ’ ಎಂಬ ಚತುರ್ಥಿಯ ರಚನೆ ಹಿಂದಿಯಲ್ಲಿ ‘ಮುಝೇ ಭೂಖ್ ಲಗೀ ಹೈ’, ಆಡುಮಾತಿನ ತಮಿಳಿನಲ್ಲಿ ‘ಎನಕ್ಕು ಪಸಿಕ್ಕುದು’ ಎಂದು ಹಾಗೆಯೇ ಬರುತ್ತದೆ. ಇದನ್ನು ವಿಚಿತ್ರವೆಂಬಂತೆ ಹತ್ತು ಪುಟ ವಿವರಿಸುವ ಪುಸ್ತಕ ಯುರೋಪಿನ ಓದುಗರಿಗಾಗಿ ಸಿದ್ಧವಾದದ್ದು. ನಮಗೆ ತೊಡಕಾಗುವ ಜಾಗಗಳೇ ಬೇರೆ. ಹಿಂದಿಯ ‘ಲಡ್ಕೇ ನೇ ರೋಟೀ ಖಾಯೀ’ ಎಂಬ ವಾಕ್ಯದಲ್ಲಿ ತಿಂದವನು ಹುಡುಗನಾದರೂ ಕ್ರಿಯಾಪದ ಸ್ತ್ರೀಲಿಂಗದ ರೊಟ್ಟಿಯನ್ನು ಹಿಂಬಾಲಿಸುತ್ತದೆ. ನಮ್ಮ ‘ನಾವು’ ಎಂಬುದಕ್ಕೆ ತೆಲುಗಿನಲ್ಲಿ ಎರಡು ಪದಗಳಿವೆ: ಕೇಳುವವರನ್ನೂ ಸೇರಿಸಿಕೊಂಡರೆ ‘ಮನಂ’, ಬಿಟ್ಟರೆ ‘ಮೇಮು’. ತಮಿಳಿನಲ್ಲಿ ‘ನಾಮ್’, ‘ನಾಂಗಳ್’ ಎಂಬ ಇದೇ ಭೇದವಿದೆ. ಕನ್ನಡಿಗರು ಎಡವುವ ಇಂಥ ಕಡೆಗಳಲ್ಲಿ ನಿಂತು, ಸಾಕಷ್ಟು ಅಭ್ಯಾಸಗಳನ್ನು ಕೊಟ್ಟಿರುವ ಪುಸ್ತಕವೇ ನಮಗೆ ಸಲ್ಲುವಂಥದು.

ಮೂರನೆಯದು, ಕಲಿಸುತ್ತಿರುವುದು ಗ್ರಂಥದ ಭಾಷೆಯನ್ನೋ ಮನೆಮಾತನ್ನೋ ಎಂಬುದು. ತಮಿಳು, ಸಿಂಹಳಗಳಲ್ಲಿ ಈ ಎರಡರ ನಡುವೆ ದೊಡ್ಡ ಕಂದಕವಿದೆ. ಯಾವುದನ್ನು ಕಲಿಸುತ್ತೇವೆಂದು ಮೊದಲ ಅಧ್ಯಾಯದಲ್ಲಿಯೇ ಹೇಳದ ಪುಸ್ತಕ ಬೇಡ. ಹೆಚ್ಚು ಪುಸ್ತಕಗಳಿಲ್ಲದ ಸಣ್ಣ ಭಾಷೆಯನ್ನು ಕಲಿಯಬಯಸುವವರು, 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನದ ಪ್ರಕಟಣೆಗಳನ್ನು ಮೊದಲು ಹುಡುಕುವುದು ಒಳಿತು. ಹಲವು ಬುಡಕಟ್ಟು ಭಾಷೆಗಳ ಧ್ವನಿಗಳನ್ನು ಪರಿಚಯಿಸುವ ಕಿರುಪುಸ್ತಕಗಳನ್ನು ಅದು ಹೊರತಂದಿದೆ.

ಕೊಂಡ ಮೇಲೆ ಓದುವ ಕ್ರಮ ಹೀಗಿರಲಿ. ಒಂದು ವಿಷಯಕ್ಕೆ ಒಂದೇ ಮುಖ್ಯ ಪುಸ್ತಕ, ಅನುಮಾನ ಬಂದಾಗ ಹೋಲಿಸಿ ನೋಡಲು ಇನ್ನೊಂದು, ಇಷ್ಟು ಸಾಕು. ಭಾಷೆಯ ಪುಸ್ತಕವನ್ನು ದಿನಕ್ಕೆ ಅರ್ಧ ಪುಟವಾದರೂ ಗಟ್ಟಿಯಾಗಿ ಓದಿ, ಆ ಭಾಷೆಯನ್ನಾಡುವ ಒಬ್ಬರಿಗೆ ವಾರಕ್ಕೊಮ್ಮೆ ಒಪ್ಪಿಸಿ. ಆಡು ಈಯುವ ಪುಟವನ್ನು ಕೈಬರಹದಲ್ಲಿ ನಕಲು ಮಾಡಿ, ಕೊಟ್ಟಿಗೆಯ ಗೋಡೆಯ ಮೇಲೆ ಬೆಳಕು ಬೀಳುವಲ್ಲಿ ಅಂಟಿಸಿ. ನಡುರಾತ್ರಿ ಒದ್ದೆ ಕೈಯಲ್ಲಿ ಪುಟ ಹುಡುಕಲು ಆಗುವುದಿಲ್ಲ. ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯಲು ಸಂಕೋಚ ಬೇಡ. ಪುಸ್ತಕ 150 ದಿನ ಎಂದದ್ದು ನಿಮ್ಮ ಆಡಿಗೆ 147 ಆದರೆ, ಐದು ಗಂಟೆ ಎಂದು ಲೆಕ್ಕ ಹಾಕಿದ ದಾರಿ ಏಳು ಗಂಟೆ ಹಿಡಿದರೆ, ಅದನ್ನು ತಾರೀಖಿನೊಂದಿಗೆ ಆ ಸಾಲಿನ ಪಕ್ಕದಲ್ಲಿಯೇ ಗುರುತು ಹಾಕಿಡಿ. ಮುಂದಿನ ಸಲ ಓದಬೇಕಾದುದು ಅಚ್ಚಾದ ಸಾಲನ್ನೂ ಆ ಗುರುತನ್ನೂ ಒಟ್ಟಿಗೆ.