ದುಬಾರಿ ರೇಸಿಂಗ್ ಸೈಕಲ್ ಕೊಳ್ಳಬೇಕಾ, ಬೇಡವಾ? ಹೀಗೆ ತೀರ್ಮಾನಿಸಿ

ಟೂರ್ ಡಿ ಫ್ರಾನ್ಸ್‌ನಲ್ಲಿ ಓಡುವ ಸೈಕಲ್ಲುಗಳನ್ನು ದುಡ್ಡಿದ್ದರೆ ಯಾರು ಬೇಕಾದರೂ ಕೊಳ್ಳಬಹುದು. ಸುಮ್ನೆ ಹೇಳುತ್ತಿಲ್ಲ, ನಿಯಮವೇ ಹಾಗಿದೆ. ರಸ್ತೆ ರೇಸ್‌ನಲ್ಲಿ ಬಳಸುವ ಸೈಕಲ್ಲು, ಬಿಡಿಭಾಗ ಎಲ್ಲವೂ ಸಾರ್ವಜನಿಕರಿಗೂ ಮಾರಾಟಕ್ಕೆ ಸಿಗಬೇಕು ಅಂತ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಹೇಳುತ್ತದೆ. ಇನ್ನೂ ಪರೀಕ್ಷೆಯಲ್ಲಿರುವ ಮಾದರಿಗಳಿಗೆ ಮಾತ್ರ ಸ್ವಲ್ಪ ಕಾಲ ವಿನಾಯಿತಿ. ಕಾರು ರೇಸ್ ನೋಡಿ ಆ ಕಾರನ್ನೇ ಮನೆಗೆ ತರಲು ಆಗಲ್ಲ, ಇಲ್ಲಿ ಆಗುತ್ತದೆ.

ಆಸೆ ಪಡುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಒಳ್ಳೆ ಸೈಕಲ್ ತುಳಿಯುವ ಖುಷಿ ದೊಡ್ಡ ಖುಷಿ, ಅನುಭವಿಸಿದವರಿಗೆ ಗೊತ್ತು. ಆದರೆ ಒಂದು ಮಾತು. ಆ ಸೈಕಲ್ ಮಾಡಿರುವುದು ದಿನಕ್ಕೆ ನಾಲ್ಕೈದು ಗಂಟೆ ಬಗ್ಗಿಕೊಂಡೇ ತುಳಿಯಬಲ್ಲ ಮೈಗೆ. ನಿಮ್ಮ ಮೈ ಆ ಭಂಗಿಯಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆಯೇ. ಫ್ರೇಮ್ ಯಾವ ಕಂಪನಿಯದು, ಬಣ್ಣ ಯಾವುದು, ಗೇರ್ ಯಾವ ಮಟ್ಟದ್ದು ಅನ್ನೋದೆಲ್ಲ ಆಮೇಲಿನ ಮಾತು.

ಮೊದಲ ಹೆಜ್ಜೆ: ಕಳೆದ ಕೆಲವು ತಿಂಗಳು ಎಲ್ಲಿ, ಹೇಗೆ ತುಳಿದಿರಿ?

ಮುಂದಿನ ವರ್ಷ ಹೀಗೆ ಮಾಡ್ತೀನಿ ಅನ್ನೋ ಲೆಕ್ಕ ಬೇಡ. ಆಗಿರುವುದನ್ನು ಮಾತ್ರ ನೋಡಿ. ಫೋನ್‌ನಲ್ಲೋ ಸೈಕಲ್ ಕಂಪ್ಯೂಟರ್‌ನಲ್ಲೋ ದಾಖಲೆ ಇದ್ದರೆ ತೆಗೆಯಿರಿ. ವಾರಕ್ಕೆ ಎಷ್ಟು ಗಂಟೆ, ಒಬ್ಬರೇ ಹೋದದ್ದೆಷ್ಟು, ಗುಂಪಿನಲ್ಲಿ ಹೋದದ್ದೆಷ್ಟು, ಏರು ರಸ್ತೆ ಎಷ್ಟು, ಗುಂಡಿ ಬಿದ್ದ ರಸ್ತೆ ಎಷ್ಟು. ಆಫೀಸಿಗೆ ಹೋಗಿಬರುವುದೇ ಜಾಸ್ತಿ ಇದ್ದರೆ, ಬ್ಯಾಗು ಕಟ್ಟಬೇಕು, ಮಡ್‌ಗಾರ್ಡ್ ಹಾಕಬೇಕು, ಹೊರಗೆ ಬೀಗ ಹಾಕಿ ನಿಲ್ಲಿಸಬೇಕು ಅಂದರೆ ಇಲ್ಲಿಗೇ ಉತ್ತರ ಸಿಕ್ಕಿತು, ರೇಸಿಂಗ್ ಸೈಕಲ್ ಬೇಡ. ವಾರಕ್ಕೆ ಹಲವು ಗಂಟೆ ಡಾಂಬರು ರಸ್ತೆಯಲ್ಲೇ ಜೋರಾಗಿ ತುಳಿಯುತ್ತೀರಿ, ಗುಂಪಿನಲ್ಲಿ ಮುಂದಿನವರ ಹಿಂದೆಯೇ ಹೋಗುವ ಅಭ್ಯಾಸ ಇದೆ, ಆಗಾಗ ರೇಸ್‌ಗೂ ಹೋಗುತ್ತೀರಿ ಅಂದರೆ ಮುಂದೆ ಓದಿ.

ಎರಡನೇ ಹೆಜ್ಜೆ: ವೇಗ ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಜಾಸ್ತಿ ದುಡ್ಡು ಹೋಗುವುದು ಇಲ್ಲೇ.

ಸಪಾಟು ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದ ಮೇಲೆ ನಿಮ್ಮ ಶಕ್ತಿಯ ಬಹುಪಾಲು ಹೋಗುವುದು ಗಾಳಿಯನ್ನು ಸೀಳುವುದಕ್ಕೆ. ಆ ಗಾಳಿಗೆ ಹೆಚ್ಚು ಅಡ್ಡ ನಿಲ್ಲುವುದು ಸೈಕಲ್ಲಲ್ಲ, ಮೇಲೆ ಕೂತ ನೀವು. ನಿಮ್ಮ ಎದೆ, ಭುಜ, ತಲೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 30 ಕಿ.ಮೀ. ಹೋಗುತ್ತಿದ್ದವರು 33 ಹೋಗಬೇಕು ಅಂದರೆ ಅದಕ್ಕೆ ಮೂರನೇ ಒಂದು ಪಾಲು ಜಾಸ್ತಿ ಶಕ್ತಿ ಬೇಕು. ಬರೀ ಮೂರು ಕಿಲೋಮೀಟರಿಗೆ! ಗಾಳಿ ಸೀಳುವ ಆಕಾರದ ಫ್ರೇಮ್, ಆಳವಾದ ರಿಮ್ ಇರುವ ಚಕ್ರ ಇವೆಲ್ಲ ಸಹಾಯ ಮಾಡುತ್ತವೆ, ಇಲ್ಲ ಅನ್ನಲ್ಲ. ಆದರೆ ಮೊಣಕೈ ಮಡಿಸಿ ಇನ್ನಷ್ಟು ಬಗ್ಗಿ ಕೂತರೆ ಸಿಗುವ ಲಾಭ ಅದಕ್ಕಿಂತ ದೊಡ್ಡದು, ಮತ್ತು ಅದಕ್ಕೆ ಖರ್ಚಿಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಸ್ಕಾಟ್ಲೆಂಡ್‌ನ ಗ್ರೇಮ್ ಓಬ್ರಿ. 1993ರ ಜುಲೈನಲ್ಲಿ ಅವರು ನಾರ್ವೆಯ ಹಾಮರ್ ಟ್ರ್ಯಾಕಿನಲ್ಲಿ ಒಂದು ಗಂಟೆಯಲ್ಲಿ 51.596 ಕಿ.ಮೀ. ತುಳಿದು, ಇಟಲಿಯ ಫ್ರಾಂಚೆಸ್ಕೊ ಮೊಸೆರ್ 1984ರಲ್ಲಿ ಮಾಡಿದ್ದ 51.151 ಕಿ.ಮೀ. ದಾಖಲೆಯನ್ನು ಮುರಿದರು. ಸೈಕಲ್ ಅವರೇ ಕೈಯಾರೆ ಕಟ್ಟಿದ್ದು, ಅದರಲ್ಲಿ ವಾಷಿಂಗ್ ಮಷೀನಿನ ಬೇರಿಂಗ್ ಇತ್ತು. ಮೊದಲ ದಿನ ಬೇರೆಯವರು ಮಾಡಿಕೊಟ್ಟ ಅದರದೇ ಪ್ರತಿಯಲ್ಲಿ ಪ್ರಯತ್ನ ಪಟ್ಟಾಗ ದಾಖಲೆ ತಪ್ಪಿತು, ಮರುದಿನ ತಮ್ಮ ಹಳೆಯ ಸೈಕಲ್ಲನ್ನೇ ಹತ್ತಿ ಗೆದ್ದರು. ಗುಟ್ಟು ಇದ್ದದ್ದು ಭಂಗಿಯಲ್ಲಿ. ತೋಳು ಮಡಿಸಿ ಎದೆಯಡಿ ಸಿಕ್ಕಿಸಿಕೊಂಡು, ತೋಳು ಗಾಳಿಗೆ ಸಿಗದ ಹಾಗೆ ತುಳಿದರು. ಮುಂದೆ ಯುಸಿಐ ಆ ಭಂಗಿಯನ್ನೇ ನಿಷೇಧಿಸಿತು.

ಇನ್ನು ತೂಕ. ಅಂಗಡಿಗೆ ಹೋದವರೆಲ್ಲ ಮೊದಲು ಮಾಡುವುದು ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ನೋಡುವುದು, ಅಲ್ವಾ? ರೇಸ್‌ಗೆ ಯುಸಿಐ ಇಟ್ಟಿರುವ ಕನಿಷ್ಠ ತೂಕ 6.8 ಕಿಲೊ, 2000ದಿಂದ ಜಾರಿಯಲ್ಲಿದೆ. ಈಗ ಲೆಕ್ಕ ಹಾಕಿ. ನೀವು 75 ಕಿಲೊ, ಸೈಕಲ್ 8 ಕಿಲೊ, ಒಟ್ಟು 83. ಕಡಿದಾದ ಏರನ್ನು ಒಂದು ಗಂಟೆ ಹತ್ತುತ್ತೀರಿ ಅಂದುಕೊಳ್ಳಿ. ಸೈಕಲ್ ಒಂದು ಕಿಲೊ ಹಗುರಾದರೆ ಉಳಿಯುವುದು ಸುಮಾರು 40 ಸೆಕೆಂಡ್. ರೇಸ್ ಓಡುವವರಿಗೆ 40 ಸೆಕೆಂಡ್ ಅಂದರೆ ಗೆಲುವು ಸೋಲಿನ ವ್ಯತ್ಯಾಸ. ವಾರಾಂತ್ಯದಲ್ಲಿ ಗೆಳೆಯರ ಜೊತೆ ಬೆಟ್ಟ ಹತ್ತುವವರಿಗೆ, ಮೇಲೆ ಹೋಗಿ ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು. ಸಪಾಟು ರಸ್ತೆಯಲ್ಲಂತೂ ಆ ಒಂದು ಕಿಲೊ ಗೊತ್ತೇ ಆಗಲ್ಲ.

ಮೂರನೇ ಹೆಜ್ಜೆ: ಈಗಿರುವ ಸೈಕಲ್ಲಲ್ಲೇ ಪರೀಕ್ಷೆ ಮಾಡಿ

ಬಾಗಿದ ಹ್ಯಾಂಡಲ್ ಇರುವ ಸೈಕಲ್ ನಿಮ್ಮಲ್ಲಿಲ್ಲದಿದ್ದರೆ ಯಾರ ಹತ್ತಿರವಾದರೂ ನಿಮ್ಮ ಅಳತೆಯದ್ದನ್ನು ಒಂದು ದಿನಕ್ಕೆ ಕೇಳಿ ತನ್ನಿ. ವಾಹನ ಕಡಿಮೆ ಇರುವ ಸಪಾಟು ರಸ್ತೆ ಹುಡುಕಿ. ಬ್ರೇಕ್ ಹಿಡಿಗಳ ಮೇಲೆ ಕೈಯಿಟ್ಟು, ಮುಂಗೈ ನೆಲಕ್ಕೆ ಸಮನಾಗುವ ತನಕ ಮೊಣಕೈ ಮಡಿಸಿ, 20 ನಿಮಿಷ ಹಾಗೇ ತುಳಿಯಿರಿ. ಸ್ವಲ್ಪ ಜೋರಾಗಿಯೇ ತುಳಿಯಿರಿ, ಯಾಕೆಂದರೆ ಕಾಲು ಗಟ್ಟಿಯಾಗಿ ಒತ್ತುತ್ತಿದ್ದರೆ ಕೈ ಮೇಲಿನ ಭಾರ ಕಡಿಮೆಯಾಗುತ್ತದೆ.

ಗಮನಿಸಬೇಕಾದದ್ದು ಇಷ್ಟು. ಬೆರಳು ಜೋಮು ಹಿಡಿಯಿತಾ? ತಲೆ ಎತ್ತಿ ರಸ್ತೆ ನೋಡುವಾಗ ಕತ್ತಿನ ಹಿಂಭಾಗ ನೋಯಿತಾ? ಮೊಣಕಾಲು ಹೊಟ್ಟೆಗೆ ತಾಗಿ ಉಸಿರಾಡಲು ಕಷ್ಟವಾಯಿತಾ? ಸೀಟಿನ ತುದಿಗೆ ಜಾರಿ ಜಾರಿ ಬರುತ್ತಿದ್ದಿರಾ? ಯಾವುದೂ ಆಗದೆ 20 ನಿಮಿಷ ಕಳೆದರೆ ರೇಸಿಂಗ್ ಫ್ರೇಮ್ ನಿಮಗೆ ಒಗ್ಗುತ್ತದೆ. ಐದು ನಿಮಿಷಕ್ಕೇ ಮೇಲೆದ್ದು ಕೂತರೆ, ಕೆಲವು ವಾರ ಇದನ್ನೇ ಅಭ್ಯಾಸ ಮಾಡಿ ಮತ್ತೆ ನೋಡಿ. ಆಗಲೂ ಆಗದಿದ್ದರೆ ಎಂಡ್ಯೂರೆನ್ಸ್ ಅಂತ ಕರೆಯುವ ರೋಡ್ ಬೈಕ್ ನೋಡಿ. ಅದರಲ್ಲಿ ಹ್ಯಾಂಡಲ್ ಕೆಲವು ಸೆಂಟಿಮೀಟರ್ ಎತ್ತರದಲ್ಲಿರುತ್ತದೆ, ದಪ್ಪ ಟಯರಿಗೆ ಜಾಗ ಇರುತ್ತದೆ. ತಗ್ಗು ಹ್ಯಾಂಡಲ್ಲಿನ ಸೈಕಲ್ಲಲ್ಲಿ ಮೈ ಎತ್ತಿ ಕೂತವರಿಗಿಂತ, ಎತ್ತರದ ಹ್ಯಾಂಡಲ್ಲಿನಲ್ಲಿ ಮೊಣಕೈ ಮಡಿಸಿ ಆರಾಮಾಗಿ ಕೂತವರು ಬೇಗ ಹೋಗುತ್ತಾರೆ.

ನಾಲ್ಕನೇ ಹೆಜ್ಜೆ: ಅಳತೆ

ಸಣ್ಣದು, ಮಧ್ಯಮ, ದೊಡ್ಡದು ಅನ್ನೋ ಹೆಸರು ನಂಬಬೇಡಿ. ಒಂದೊಂದು ಕಂಪನಿಯ ಮಧ್ಯಮ ಒಂದೊಂದು ಥರ. ನೋಡಬೇಕಾದ್ದು ಎರಡು ಅಂಕಿ. ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಫ್ರೇಮಿನ ಮುಂದಿನ ಕೊಳವೆಯ ಮೇಲ್ತುದಿಗೆ ಎಷ್ಟು ಎತ್ತರ ಅನ್ನೋದು ಸ್ಟ್ಯಾಕ್, ಎಷ್ಟು ಮುಂದೆ ಅನ್ನೋದು ರೀಚ್. ನಿಮಗೆ ಒಗ್ಗಿರುವ ಸೈಕಲ್ಲಿನ ಈ ಎರಡು ಅಂಕಿಗಳನ್ನು ಹೊಸದರ ಜೊತೆ ಹೋಲಿಸಿ. ಮೈಗೆ ತಕ್ಕಂತೆ ಸೈಕಲ್ ಹೊಂದಿಸಿಕೊಡುವ ಬೈಕ್ ಫಿಟ್ಟಿಂಗ್‌ನವರ ಹತ್ತಿರ ಕೊಳ್ಳುವ ಮೊದಲೇ ಹೋಗುವುದು ಒಳ್ಳೆಯದು, ಯಾಕೆಂದರೆ ಈಗಿನ ದುಬಾರಿ ಸೈಕಲ್ಲುಗಳಲ್ಲಿ ಹ್ಯಾಂಡಲ್ಲೂ ಅದನ್ನು ಫೋರ್ಕಿಗೆ ಜೋಡಿಸುವ ಸ್ಟೆಮ್ಮೂ ಒಂದೇ ಕಾರ್ಬನ್ ತುಂಡಾಗಿ ಬರುತ್ತವೆ. ಒಂದು ಸೆಂಟಿಮೀಟರ್ ಉದ್ದ ಆಯಿತು ಅಂದರೂ ಇಡೀ ತುಂಡನ್ನೇ ಬದಲಿಸಬೇಕು.

ಕ್ರ್ಯಾಂಕ್, ಅಂದರೆ ಪೆಡಲ್ ಕೂರಿಸಿರುವ ತೋಳಿನ ಉದ್ದವನ್ನೂ ಕೇಳಿ. ಅದು ಗಿಡ್ಡವಾದರೆ ಬಗ್ಗಿ ಕೂತಾಗ ತೊಡೆ ಹೊಟ್ಟೆಗೆ ಒತ್ತುವುದು ಕಡಿಮೆಯಾಗುತ್ತದೆ. ಟೂರ್ ಡಿ ಫ್ರಾನ್ಸ್ ಗೆದ್ದ ತಡೇಯ್ ಪೊಗಾಚಾರ್ ಅವರೇ 2024ರಲ್ಲಿ 165 ಮಿಲಿಮೀಟರ್ ಕ್ರ್ಯಾಂಕಿಗೆ ಬಂದರು.

ಐದನೇ ಹೆಜ್ಜೆ: ಗೇರ್ ಮತ್ತು ಮಟ್ಟ

ರೇಸಿಂಗ್ ಸೈಕಲ್ಲಿನ ಗೇರ್ ರೇಸ್‌ನವರ ಕಾಲಿಗೆ ತಕ್ಕಂತೆ ಇರುತ್ತದೆ. ಮುಂದೆ 36 ಹಲ್ಲು, ಹಿಂದೆ 30 ಹಲ್ಲು ಅತಿ ಹಗುರ ಗೇರ್ ಅಂದರೆ, ನಿಮಿಷಕ್ಕೆ 60 ಸುತ್ತು ತುಳಿಯಲು ಗಂಟೆಗೆ ಸುಮಾರು 9 ಕಿ.ಮೀ. ವೇಗ ಬೇಕು. ನೂರು ಮೀಟರಿಗೆ ಹತ್ತು ಮೀಟರ್ ಏರುವ ರಸ್ತೆಯಲ್ಲಿ ಆ ವೇಗ ಕಾಯಬೇಕಾದರೆ, ಮೇಲೆ ಹೇಳಿದ 83 ಕಿಲೊ ಲೆಕ್ಕದಲ್ಲಿ 200 ವಾಟ್‌ಗಿಂತ ಜಾಸ್ತಿ ಶಕ್ತಿ ಬೇಕು. ಮುಂದೆ 34, ಹಿಂದೆ 34 ಇದ್ದರೆ ಅದೇ ಸುತ್ತಿಗೆ 7.5 ಕಿ.ಮೀ. ಸಾಕು, ಮಂಡಿ ಉಳಿಯುತ್ತದೆ. ಕೊಳ್ಳುವಾಗಲೇ ಬದಲಿಸಿಕೊಡಿ ಅಂತ ಕೇಳಿ.

ಮಟ್ಟದ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಅತಿ ಮೇಲಿನದ್ದಕ್ಕಿಂತ ಒಂದು ಮೆಟ್ಟಿಲು ಕೆಳಗಿನದ್ದು ಹೆಚ್ಚಿನವರಿಗೆ ಸರಿ. ಗೇರ್ ಮಾಡುವ ಕಂಪನಿಗಳನ್ನೇ ನೋಡಿ. ಶಿಮಾನೊದಲ್ಲಿ ಡ್ಯೂರಾ-ಏಸ್ ತುದಿಯದು, ಅದರ ಕೆಳಗೆ ಅಲ್ಟೆಗ್ರಾ, ಅದರ ಕೆಳಗೆ 105. ಸ್ರ್ಯಾಮ್‌ನಲ್ಲಿ ರೆಡ್, ಫೋರ್ಸ್, ರೈವಲ್. ಈಗ ಶಿಮಾನೊದ ಈ ಮೂರರಲ್ಲೂ ಹಿಂದಿನ ಚಕ್ರದಲ್ಲಿ 12 ಗೇರ್, ಮೂರರಲ್ಲೂ ಎಲೆಕ್ಟ್ರಾನಿಕ್ ಬದಲಾವಣೆ ಸಿಗುತ್ತದೆ. ಡ್ಯೂರಾ-ಏಸ್‌ಗೂ ಅಲ್ಟೆಗ್ರಾಗೂ ಇರುವ ದೊಡ್ಡ ವ್ಯತ್ಯಾಸ ತೂಕದ್ದೇ. ಫ್ರೇಮಿನಲ್ಲೂ ಅಷ್ಟೆ. ಸುಮಾರು ಕಂಪನಿಗಳು ಒಂದೇ ಆಕಾರದ ಫ್ರೇಮನ್ನು ಎರಡು ಬಗೆಯ ಕಾರ್ಬನ್‌ನಲ್ಲಿ ಮಾಡುತ್ತವೆ. ಆಕಾರ ಒಂದೇ ಆದ ಮೇಲೆ ಗಾಳಿ ಸೀಳುವುದೂ ಹೆಚ್ಚು ಕಡಿಮೆ ಒಂದೇ, ಅಗ್ಗದ್ದು ಸ್ವಲ್ಪ ಭಾರ. ಉಳಿದ ದುಡ್ಡನ್ನು ಒಳ್ಳೆ ಟಯರಿಗೆ, ಆಮೇಲೆ ಚಕ್ರಕ್ಕೆ ಹಾಕಿ. ಒಳ್ಳೆ ಟಯರ್ ನೆಲದ ಮೇಲೆ ಹಗುರವಾಗಿ ಉರುಳುತ್ತದೆ. ಹಿಂದೆ 23 ಮಿಲಿಮೀಟರ್ ಟಯರಿಗೆ ಕಲ್ಲಿನಂತೆ ಗಾಳಿ ತುಂಬುತ್ತಿದ್ದರು, ಈಗ ರೇಸ್‌ನವರೇ 28 ಮತ್ತು ಅದಕ್ಕಿಂತ ದಪ್ಪ ಹಾಕಿ ಗಾಳಿ ಕಡಿಮೆ ಇಡುತ್ತಾರೆ.

ಆರನೇ ಹೆಜ್ಜೆ: ಕೊಂಡ ಮೇಲಿನ ಖರ್ಚು

ಬೆಲೆ ಚೀಟಿಯಲ್ಲಿ ಇದು ಇರಲ್ಲ. ಚೈನು ಸವೆದದ್ದು ಗೊತ್ತಾಗದೆ ತುಳಿಯುತ್ತಾ ಹೋದರೆ ಹಿಂದಿನ ಹಲ್ಲುಚಕ್ರಗಳೂ ಹಾಳಾಗುತ್ತವೆ, ಮೇಲಿನ ಮಟ್ಟದ ಹಲ್ಲುಚಕ್ರ ಚೈನಿಗಿಂತ ಎಷ್ಟೋ ಪಟ್ಟು ದುಬಾರಿ. ಬ್ರೇಕ್ ಎಣ್ಣೆಯ ಕೊಳವೆ ಹ್ಯಾಂಡಲ್ಲು, ಫ್ರೇಮಿನ ಒಳಗೇ ಸಾಗುವ ಸೈಕಲ್ಲಿನಲ್ಲಿ ಮುಂದಿನ ಬೇರಿಂಗ್ ಬದಲಿಸಬೇಕಾದರೆ ಹಲವು ಸಲ ಆ ಕೊಳವೆಯನ್ನೂ ಬಿಚ್ಚಬೇಕಾಗುತ್ತದೆ. ಚಿಕ್ಕ ಕೆಲಸ ದೊಡ್ಡದಾಗುತ್ತದೆ. ರಿಮ್ ಹುಕ್‌ಲೆಸ್, ಅಂದರೆ ಟಯರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ್ದು ಆಗಿದ್ದರೆ ಅದಕ್ಕೆ ಒಪ್ಪುವ ಟಯರನ್ನೇ ಹಾಕಬೇಕು, ಗಾಳಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟಬಾರದು. ಕಾರ್ಬನ್ ಭಾಗಗಳ ಬೋಲ್ಟನ್ನು ಅಂದಾಜಿನಲ್ಲಿ ಬಿಗಿಯುವ ಹಾಗಿಲ್ಲ, ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ವ್ರೆಂಚ್ ಬೇಕೇ ಬೇಕು. ಬಿದ್ದರೆ ಒಳಗೆ ಬಿರುಕು ಬಿಟ್ಟದ್ದು ಹೊರಗೆ ಕಾಣದೇ ಇರಬಹುದು, ತಿಳಿದವರಿಂದ ಪರೀಕ್ಷೆ ಮಾಡಿಸದೆ ಮತ್ತೆ ಹತ್ತಬೇಡಿ.

ಒಮ್ಮೆ ಬಿದ್ದು ಫ್ರೇಮ್ ಹೋದರೆ ಇನ್ನೊಂದು ತರುವ ಶಕ್ತಿ ನನಗಿದೆಯಾ ಅಂತ ಕೇಳಿಕೊಳ್ಳಿ. ರೇಸ್‌ಗೆ ಹೋಗುವವರಿಗೆ ಇದು ತೀರಾ ಮುಖ್ಯ, ಗುಂಪಿನಲ್ಲಿ ಯಾರದೋ ತಪ್ಪಿಗೆ ನೀವು ಬೀಳುತ್ತೀರಿ. ಇಲ್ಲ ಅನ್ನೋ ಉತ್ತರ ಬಂದರೆ ಅಲ್ಯೂಮಿನಿಯಂ ಫ್ರೇಮಿನ ರೇಸಿಂಗ್ ಸೈಕಲ್ ನೋಡಿ, ಅವೂ ಚೆನ್ನಾಗಿ ಓಡುತ್ತವೆ. ಬಳಸಿದ ಕಾರ್ಬನ್ ಸೈಕಲ್ಲನ್ನು, ಹಿಂದೆ ಬಿದ್ದಿದೆಯಾ ಅಂತ ಪರೀಕ್ಷೆ ಮಾಡಿಸದೆ ಕೊಳ್ಳುವುದಂತೂ ಬೇಡವೇ ಬೇಡ.

ಕೊಳ್ಳಲು ಹೊರಟಾಗ

ಇಷ್ಟೆಲ್ಲ ದಾಟಿ ಬಂದ ಮೇಲೂ ಬೇಕು ಅನ್ನಿಸಿದರೆ, ದುಡ್ಡೂ ಇದ್ದರೆ, ಖಂಡಿತ ಕೊಳ್ಳಿ. ಚಂದದ ಸೈಕಲ್ ಮನೆಯಲ್ಲಿದ್ದರೆ ಬೆಳಿಗ್ಗೆ ಬೇಗ ಏಳುವವರನ್ನು ನೋಡಿದ್ದೇನೆ, ಅದೂ ಒಂದು ಲಾಭವೇ.

ಓಡಿಸಿ ನೋಡದೆ ತರಬೇಡಿ. ಹೊರಡುವ ಮೊದಲು ಟಯರಿಗೆ ನೀವು ಯಾವಾಗಲೂ ಇಡುವಷ್ಟೇ ಗಾಳಿ ಅಳೆದು ಹಾಕಿಸಿ, ಯಾಕೆಂದರೆ ಗಾಳಿ ಜಾಸ್ತಿ ಇದ್ದ ಟಯರ್ ಪುಟಿಯುತ್ತದೆ, ಫ್ರೇಮೇ ಗಡಸು ಅಂತ ಅನ್ನಿಸಿಬಿಡುತ್ತದೆ. ಕನಿಷ್ಠ ಒಂದು ಗಂಟೆ ತುಳಿಯಿರಿ. ಒಂದು ಏರು, ಒಂದು ಇಳಿಜಾರು, ಒಂದಿಷ್ಟು ಕೆಟ್ಟ ರಸ್ತೆ ಇರಲಿ. ಇಳಿಜಾರಿನ ತಿರುವಿನಲ್ಲಿ ಹ್ಯಾಂಡಲ್ಲಿನ ಕೆಳಭಾಗ ಹಿಡಿದು ಬ್ರೇಕ್ ಒತ್ತಿ ನೋಡಿ, ಬೆರಳು ಆರಾಮಾಗಿ ಎಟುಕಬೇಕು. ಎಟುಕದಿದ್ದರೆ ಲಿವರನ್ನು ಹತ್ತಿರಕ್ಕೆ ಹೊಂದಿಸಿಕೊಡಲು ಹೇಳಿ.

ಹೊಸದು ಕೈಗೆ ಬಂದ ದಿನ ಹಳೆಯದರ ಸೀಟಿನ ಎತ್ತರ, ಸೀಟಿನ ತುದಿಯಿಂದ ಹ್ಯಾಂಡಲ್ಲಿಗಿರುವ ದೂರ ಎರಡನ್ನೂ ಟೇಪಿನಲ್ಲಿ ಅಳೆದು ಹೊಸದಕ್ಕೆ ಹಾಕಿಸಿ. ಫೋರ್ಕಿನಿಂದ ಮೇಲೆ ಬರುವ ಸ್ಟೀರರ್ ಕೊಳವೆಯನ್ನು ಮೊದಲ ದಿನವೇ ಗಿಡ್ಡ ಮಾಡಲು ಬಿಡಬೇಡಿ, ನೋಡಲು ಚಂದ ಅಂತ ಅಂಗಡಿಯವರು ಎಷ್ಟೇ ಹೇಳಲಿ. ಹ್ಯಾಂಡಲ್ಲನ್ನು ಎತ್ತರಿಸುವ ಸ್ಪೇಸರ್ ಬಳೆಗಳನ್ನು ಹಾಗೇ ಇಡಿಸಿಕೊಂಡು ಒಂದೆರಡು ತಿಂಗಳು ತುಳಿಯಿರಿ. ಹ್ಯಾಂಡಲ್ ಯಾವ ಎತ್ತರದಲ್ಲಿ ಇರಬೇಕು ಅಂತ ಬೆನ್ನು, ಕತ್ತು ಒಪ್ಪಿದ ಮೇಲೆ ಕತ್ತರಿಸಿಕೊಳ್ಳಿ.