ರಾಜಾಜಿನಗರದಲ್ಲಿ ಕೂತು ಉಳ್ಳಾಲದ ದಡ ಅಳೆದದ್ದು

ನಮ್ಮ ಮನೆಯಿಂದ ಕಡಲಿಗೆ ಒಂದು ರಾತ್ರಿಯ ಬಸ್ ಪ್ರಯಾಣ. ದೊಡ್ಡಮ್ಮನ ಮನೆ ಮಂಗಳೂರಿನ ಪಕ್ಕದ ಉಳ್ಳಾಲದಲ್ಲಿ, ಹಿತ್ತಲು ದಾಟಿದರೆ ಮರಳು. ಮಳೆಗಾಲ ಬಂತೆಂದರೆ ಅವರ ಫೋನ್ ಬರುತ್ತದೆ, ಇನ್ನೊಂದು ತೆಂಗಿನಮರ ಹೋಯಿತು ಅಂತ. ದಡ ನಿಜಕ್ಕೂ ಎಷ್ಟು ಹಿಂದೆ ಸರಿದಿದೆ ಅಂತ ನೋಡಲು ಕೂತೆ. ಇದಕ್ಕೆ ದುಡ್ಡು ಬೇಡ, ತಾಳ್ಮೆ ಮಾತ್ರ ಜಾಸ್ತಿ ಬೇಕು.

ಬೇಕಾದದ್ದು ಎರಡು ಮುಕ್ತ ತಂತ್ರಾಂಶ. ನಕ್ಷೆಗೆ ಕ್ಯೂಜಿಐಎಸ್. ದಡದ ಗೆರೆ ತೆಗೆಯಲು ಕೋಸ್ಟ್‌ಸ್ಯಾಟ್. ಇದು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪೈಥಾನ್ ಪ್ರೋಗ್ರಾಂ. ಗೂಗಲ್ ಅರ್ತ್ ಎಂಜಿನ್‌ನಿಂದ ಉಪಗ್ರಹ ಚಿತ್ರಗಳನ್ನು ತರುತ್ತದೆ, ಹಾಗಾಗಿ ಅಲ್ಲೊಂದು ಖಾತೆ ತೆರೆಯಬೇಕು. ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಈ ಬಗೆಯ ಚಿತ್ರಗಳು 1980ರ ದಶಕದಿಂದ ಇವೆ, ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ 30 ಮೀಟರ್. ಸೆಂಟಿನೆಲ್-2 ಉಪಗ್ರಹ ಹಾರಿದ್ದು 2015ರಲ್ಲಿ, ಅದರ ಚುಕ್ಕೆ 10 ಮೀಟರ್. ಒಂದೊಂದು ಗೆರೆಯಲ್ಲಿ ಸುಮಾರು 10 ಮೀಟರ್ ತಪ್ಪು ಇದ್ದೇ ಇರುತ್ತದೆ. ಒಂದು ವರ್ಷದಲ್ಲಿ ಮೂರು ಮೀಟರ್ ಹೋಯಿತು ಅಂತ ಎರಡೇ ಚಿತ್ರ ಹಿಡಿದು ವಾದ ಮಾಡಬೇಡಿ.

ಮೊದಲು ದಡದ ಸುತ್ತ ಒಂದು ಚೌಕ ಹಾಕಿ ಮೂಲೆಗಳ ಅಂಕಿ ಬರೆಯಿರಿ. ಇಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ನಾನು ತಿರುಗಾಮುರುಗಾ ಬರೆದು ಅರ್ಧ ಭಾನುವಾರ ಕಳೆದೆ. ಮಾದರಿ ಫೈಲಿನಲ್ಲಿರುವುದು ಸಿಡ್ನಿಯ ಬೀಚು, ಅಲ್ಲಿನ ಇಪಿಎಸ್‌ಜಿ ಸಂಖ್ಯೆಯನ್ನೂ, ಅಂದರೆ ಯಾವ ಪ್ರದೇಶದ ನಕ್ಷೆ ಅಳತೆ ಅಂತ ಹೇಳುವ ಸಂಖ್ಯೆಯನ್ನೂ, ಬದಲಿಸಬೇಕು. ನಮ್ಮ ಕರಾವಳಿಗೆ 32643. ಚಿತ್ರಗಳು ಇಳಿಯಲು ಹೊತ್ತಾಗುತ್ತದೆ, ರಾತ್ರಿ ಹಾಕಿ ಮಲಗಿ.

ನೀರು ಒಂದು ಬಗೆಯ ಇನ್‌ಫ್ರಾರೆಡ್ ಬೆಳಕನ್ನು ನುಂಗುತ್ತದೆ, ಮರಳು ವಾಪಸ್ ಕಳಿಸುತ್ತದೆ. ಆ ವ್ಯತ್ಯಾಸ ಹಿಡಿದು ಪ್ರೋಗ್ರಾಂ ಗೆರೆ ಎಳೆಯುತ್ತದೆ. ಒಂದೊಂದನ್ನೂ ನಿಮಗೆ ತೋರಿಸುವಂತೆ ಸೆಟ್ಟಿಂಗ್ ಇಡಿ. ಸರಿಯಿದ್ದರೆ ಬಲ ಬಾಣದ ಕೀ, ಇಲ್ಲದಿದ್ದರೆ ಎಡ. ಮೋಡದ ಅಂಚನ್ನು, ನೊರೆಯನ್ನು ದಡ ಅಂದುಕೊಂಡ ಗೆರೆಗಳನ್ನೆಲ್ಲ ಕರುಣೆಯಿಲ್ಲದೆ ಕಿತ್ತೆಸೆಯಿರಿ.

ಆಮೇಲೆ ದಡಕ್ಕೆ ಅಡ್ಡಲಾಗಿ ಅಳತೆಯ ಗೆರೆಗಳು. ನೆಲದ ಕಡೆಯಿಂದ ಶುರು ಮಾಡಿ ಕಡಲಿನ ಕಡೆಗೆ ಎಳೆಯಿರಿ. ನೇತ್ರಾವತಿಯ ಅಳಿವೆ ಹತ್ತಿರ ಎಳೆಯಬೇಡಿ, ಅಲ್ಲಿ ಮರಳಿನ ದಿಬ್ಬ ತನಗೆ ಬೇಕಾದ ಹಾಗೆ ಸರಿದಾಡುತ್ತಿರುತ್ತದೆ.

ನಾನು ಎಡವಿದ್ದು ಇದಾದ ಮೇಲೆ. ಮಾರ್ಚ್ ತಿಂಗಳ ಗೆರೆಯನ್ನೂ ಸೆಪ್ಟೆಂಬರಿನದನ್ನೂ ಪಕ್ಕಪಕ್ಕ ಇಟ್ಟು, ಗಾಬರಿಯಾಗಿ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರು ನಕ್ಕರು. "ಅದು ಪ್ರತಿ ಮಳೆಗಾಲ ಹೋಗುವುದೇ ಮಾರಾಯ್ತಿ. ದೀಪಾವಳಿ ಕಳೆದ ಮೇಲೆ ಮರಳು ವಾಪಸ್ ಬರ್ತದೆ." ಸರಿ ಅಲ್ವಾ! ಮಳೆಗಾಲದ ಅಲೆ ಮರಳನ್ನು ಎಳೆದು ಕಡಲೊಳಗೆ ಇಡುತ್ತದೆ, ಶಾಂತ ಅಲೆ ಮತ್ತೆ ತಂದು ಹಾಕುತ್ತದೆ. ಅಂದಿನಿಂದ ಜನವರಿಯಿಂದ ಮಾರ್ಚ್‌ವರೆಗಿನ ಚಿತ್ರಗಳನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಹೋಲಿಸುತ್ತೇನೆ. ಆಕಾಶವೂ ಆಗ ತಿಳಿಯಾಗಿರುತ್ತದೆ.

ಉಬ್ಬರ ಇಳಿತವನ್ನೂ ಬಿಡಬೇಡಿ. ಹತ್ತು ಮೀಟರಿಗೆ ಒಂದು ಮೀಟರ್ ಇಳಿಜಾರಿರುವ ದಡದಲ್ಲಿ ನೀರು ಒಂದು ಮೀಟರ್ ಏರಿದರೆ ಗೆರೆ ಹತ್ತು ಮೀಟರ್ ನೆಲದ ಕಡೆಗೆ ಬರುತ್ತದೆ. ಒಂದು ಹಿಡಿ ಮರಳೂ ಹೋಗಿರುವುದಿಲ್ಲ! ಚಿತ್ರ ತೆಗೆದ ಹೊತ್ತಿನ ನೀರಿನ ಮಟ್ಟ ಮತ್ತು ದಡದ ಇಳಿಜಾರು ಕೊಟ್ಟರೆ ಕೋಸ್ಟ್‌ಸ್ಯಾಟ್ ತಿದ್ದುತ್ತದೆ. ಇಳಿಜಾರನ್ನು ನಾನು ಊರಿಗೆ ಹೋದಾಗ ಎರಡು ಕೋಲು, ಒಂದು ದಾರ, ಮೇಸ್ತ್ರಿಯ ಮಟ್ಟಗೋಲು ಹಿಡಿದು ಅಳೆದೆ. ಮೀನು ಹಿಡಿಯುವ ಹುಡುಗರು ಸರ್ವೇ ಇಲಾಖೆಯವಳು ಅಂದುಕೊಂಡರು.

ತಿದ್ದಿದ ಗೆರೆಗಳನ್ನು ಕ್ಯೂಜಿಐಎಸ್‌ನಲ್ಲಿ ತೆರೆದು ವರ್ಷಕ್ಕೊಂದು ಬಣ್ಣ ಕೊಡಿ. ಪ್ರತಿ ಅಳತೆ ಗೆರೆಯ ದೂರಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿ, ಎಲ್ಲ ವರ್ಷಗಳ ಚುಕ್ಕೆಗಳ ನಡುವೆ ಒಂದು ನೇರ ಗೆರೆ ಕೂರಿಸಿ. ಆ ಗೆರೆಯ ಓರೆಯೇ ವರ್ಷಕ್ಕೆ ಇಷ್ಟು ಮೀಟರ್ ಎಂಬ ಲೆಕ್ಕ. ಮೊದಲ ಮತ್ತು ಕೊನೆಯ ವರ್ಷ ಮಾತ್ರ ತೆಗೆದುಕೊಂಡು ಭಾಗಿಸುವುದು ಸುಲಭ, ಆದರೆ ಅದರಲ್ಲೊಂದು ಕೆಟ್ಟ ಚಿತ್ರವಿದ್ದರೆ ಲೆಕ್ಕವೇ ಕೆಟ್ಟಿತು.

ಕೆಲವು ಕಡೆ ದಡದ ಗೆರೆ ಹಿಂದೆ ಸರಿಯುವುದು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಕೊರೆತ ನಿಂತಿತು ಅಂತ ಖುಷಿಪಡಬೇಡಿ. ಅಲ್ಲಿ ಅಲೆ ತಡೆಯಲು ಕಲ್ಲು ಹಾಕಿರಬಹುದು. ಕಲ್ಲಿನ ಮುಂದೆ ಮರಳು ಉಳಿದಿದೆಯೇ ಅಂತ ಈ ಗೆರೆ ಹೇಳುವುದಿಲ್ಲ. ಅಂಥ ಕಡೆ ನಾನು ದೊಡ್ಡಮ್ಮನನ್ನೇ ಕೇಳುತ್ತೇನೆ. ಅವರಿಗೆ ಇಸವಿ ನೆನಪಿಲ್ಲ. "ನಿನ್ನ ಅಣ್ಣನ ಮದುವೆಯ ಮುಂದಿನ ಮಳೆಗಾಲ" ಅಂತಾರೆ. ಆಲ್ಬಂ ತೆಗೆದು ತಾರೀಕು ನೋಡಿ, ಸ್ಪ್ರೆಡ್‌ಶೀಟಿನ ಆ ಸಾಲಿನ ಪಕ್ಕ 'ಕಲ್ಲು' ಅಂತ ಬರೆದುಕೊಳ್ಳುತ್ತೇನೆ.